ಐತವಾರದ ಮಜ್ಜಿಗೆ

ನಮ್ಮ ಅತ್ತೆ ಸೋನುಬಾಯಿ ಕೊಡುವ ಕಾಮಾಲೆಯ ಔಷಧಿ ಪುಕ್ಕಟೆ ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಮುಡಬಿಯ ನಮ್ಮ ಮನೆಗೆ ಕಲ್ಯಾಣದಿಂದ, ಮಂಠಾಳದಿಂದ ಕಣ್ಣು ಹಳದಿಯಾದವರು ಬರುತ್ತಿದ್ದರು. ಐತವಾರ ಮಾತ್ರ, ಅದೂ ಬರಿಹೊಟ್ಟೆಯಲ್ಲಿ. ರೊಕ್ಕ ಮುಟ್ಟಿದರೆ ಔಷಧಿಯ ಗುಣ ಹೋಗುತ್ತದೆ ಎಂಬುದು ಮನೆತನದ ನೇಮ. ಅತ್ತೆ ಬಾಗಿಲು ಮುಚ್ಚಿಕೊಂಡು ಅರೆದ ಸೊಪ್ಪನ್ನು ನಮ್ಮ ಮನೆಯ ಮಜ್ಜಿಗೆಯಲ್ಲೇ ಕಲಸಬೇಕು, ಕುಡಿದವರು ನಮ್ಮಲ್ಲೇ ಮಜ್ಜಿಗೆ ಅನ್ನ ಉಂಡು ಹೋಗಬೇಕು. ಅದೂ ನೇಮವೇ. ಮಜ್ಜಿಗೆ ಕಡೆಯುವವರು ಯಾರು, ಅನ್ನ ಬೇಯಿಸುವವರು ಯಾರು ಎಂದು ಮಾತ್ರ ಹಿರಿಯರು ಹೇಳಿ ಹೋಗಿರಲಿಲ್ಲ. ಹೇಳುವುದೇನು, ಸೊಸೆ ಇದ್ದೇ ಇರುತ್ತಾಳಲ್ಲ.

ಆ ಸೊಸೆ ನಾನು, ಸರುಬಾಯಿ. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ರೊಕ್ಕದ ಬದಲು ನನ್ನ ರಟ್ಟೆ. ಐತವಾರ ಕೂಲಿಗೆ ಹೋಗುವಂತಿಲ್ಲ, ತವರಿಗೆ ಹೋಗುವಂತಿಲ್ಲ. ಅತ್ತೆ ಕೆಟ್ಟವಳಲ್ಲ, ನನಗೆ ಒಂದು ಬಿರುಸು ಮಾತು ಆಡಿದವಳಲ್ಲ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ದೊಡ್ಡ ಬರ ಕಳೆದು ಐದಾರು ವರ್ಷವಾಗಿತ್ತು. ಅತ್ತೆಯ ಕಣ್ಣು ಮಂಜಾದವು. ಸೊಪ್ಪಿನ ಗುರುತನ್ನು ಮನೆಯಲ್ಲಿ ಒಬ್ಬರಿಗೇ ಹೇಳಬೇಕು, ಕೇಳಿಸಿಕೊಂಡವರು ಸಾಯುವ ತನಕ ಐತವಾರ ಊರು ಬಿಡಬಾರದು. ಬರುವ ಅಮಾವಾಸ್ಯೆಗೆ ನನಗೇ ಹೇಳುತ್ತೇನೆಂದು ಅತ್ತೆ ನಿಶ್ಚಯಿಸಿದಳು. ಗಂಡ ತುಳಜಾರಾಮ ಹಿಗ್ಗಿದ. ನನಗೆ ಅದು ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇಡವೆಂದರೆ ಔಷಧಿ ಅತ್ತೆಯ ಸಂಗಡವೇ ಮಣ್ಣಾಗುತ್ತದೆ.

ಆಗಲೇ ಹುಮನಾಬಾದಿನಿಂದ ವೈಜನಾಥ ಎಂಬ ಸರ್ಕಾರಿ ಮನುಷ್ಯ ಬಂದ. ದವಾಖಾನೆಯ ಮದ್ದಿಗೆ ಜನಕ್ಕೆ ಖರ್ಚೆಷ್ಟು, ನಾಟಿ ಔಷಧಿಗೆ ಎಷ್ಟು, ಯಾವುದರಿಂದ ಗುಣ ಹೆಚ್ಚು ಎಂದು ಊರೂರು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಎಷ್ಟು ಜನರಿಗೆ ವಾಸಿಯಾಗಿದೆ ಎಂದು ಕೇಳಿದ. ವಾಸಿಯಾದವರು ತೆಂಗಿನಕಾಯಿ ತರುತ್ತಾರೆ, ಆಗದವರು ತಿರುಗಿ ಬರುವುದಿಲ್ಲ, ಆ ಲೆಕ್ಕ ದೇವರಿಗೇ ಗೊತ್ತು ಎಂದಳು ಅತ್ತೆ. ಸುಳ್ಳಾಡುವ ಬಾಯಿಯಲ್ಲ ಅದು. ಖರ್ಚು ಎಷ್ಟು ಎಂದಾಗ ಅವಳ ಬೆನ್ನು ನೆಟ್ಟಗಾಯಿತು.

"ಒಂದ್ ಪೈಸಾನೂ ಇಲ್ರಿ ಸಾಹೇಬ್ರ."

ಅವನು ಸೊನ್ನೆ ಬರೆದ. ಇಷ್ಟು ಅಗ್ಗದ ಔಷಧಿ ತಾಲೂಕಿನಲ್ಲೇ ಇಲ್ಲವೆಂದು ಹೊಗಳಿದ. ನಾನು ಅವನಿಗೆ ಮಜ್ಜಿಗೆ ತಂದು ಪಕ್ಕದಲ್ಲೇ ನಿಂತಿದ್ದೆ.

"ಈ ಮಜ್ಜಗಿ ಮುಗಲಿಂದ ಉದರತದೇನ್ರಿ?" ಎಂದೆ. "ನಾರಾಯಣಪುರದಾಗ ನಮ್ಮವ್ವ ಜೀವ ಹಿಡಕೊಂಡು ನನ್ನ ಹಾದಿ ನೋಡಾಕತ್ತಿದ್ಳು. ಅವತ್ತ ಐತವಾರ ಇತ್ತು. ನಾ ಸೋಮಾರ ಹೋದೆ, ಅಕಿ ಇರಲಿಲ್ಲ. ಅದನ್ನ ಎಲ್ಲಿ ಬರೀತೀರಿ?"

ಅಂದು ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಹೋಗು ಎಂದೂ ಯಾರೂ ಅಂದಿರಲಿಲ್ಲ. ಅಂಗಳದ ತುಂಬ ಹಸಿದ ರೋಗಿಗಳು ಕೂತಿದ್ದರು, ನಾನು ಅನ್ನ ಬಸಿದೆ.

ಅದನ್ನು ಬರೆಯಲು ತನ್ನ ಕಾಗದದಲ್ಲಿ ಖಾನೆ ಇಲ್ಲವೆಂದು ವೈಜನಾಥ ಮೆಲ್ಲಗೆ ಹೇಳಿ ಎದ್ದುಹೋದ. ಹೊರಗಿನವರ ಮುಂದೆ ಮನೆಯ ಮಾನ ಕಳೆದೆಯೆಂದು ಗಂಡ ಬೈದ. ಅತ್ತೆ ಅವತ್ತು ಊಟ ಮಾಡಲಿಲ್ಲ.

ಅಮಾವಾಸ್ಯೆ ಐತವಾರವೇ ಬಿತ್ತು. ತಲೆಯ ಮೇಲೆ ನೀರು ಹಾಕಿಕೊಂಡು, ಇನ್ನು ನನ್ನ ಹಣೆಬರಹ ಎಂದು ಕಾದು ಕೂತೆ. ಅತ್ತೆ ನನ್ನೊಬ್ಬಳನ್ನು ಕರೆಯಲಿಲ್ಲ. ಬಂದವರನ್ನೆಲ್ಲ ಎಬ್ಬಿಸಿಕೊಂಡು ಹೊಲದ ಬದುವಿಗೆ ನಡೆದಳು. ನಾನೂ ಹಿಂದೆ ಹೋದೆ. ಕುಕ್ಕರುಗಾಲಲ್ಲಿ ಕೂತು, ಬೆರಳಿಂದ ತಡವಿ ತಡವಿ ಒಂದು ಗಿಡ ಕಿತ್ತು ಎಲ್ಲರಿಗೂ ತೋರಿಸಿದಳು. ನಿಮ್ಮ ನಿಮ್ಮ ಮನೆಯಲ್ಲೇ ಅರೆದು ಕುಡಿಯಿರಿ ಎಂದಳು.

ಕಲ್ಯಾಣದಿಂದ ಮಗನನ್ನು ಕರೆತಂದಿದ್ದ ಅಕ್ಬರಿ ಗಾಬರಿಯಾಗಿ, ಹೀಗೆ ಎಲ್ಲರಿಗೂ ಹೇಳಿದರೆ ಔಷಧಿಯ ಗುಣ ಹೋಗುವುದಿಲ್ಲವೇ ಎಂದು ಕೇಳಿದಳು.

"ಹೋದ್ರ ಹೋಗ್ಲಿ ಬೇಟಿ," ಎಂದಳು ಅತ್ತೆ. "ಒಬ್ಬಾಕಿನ ಜೀವಾ ಹಿಂಡಿ ಕೊಡೂದು ಪುಕಟ ಹ್ಯಾಂಗ ಆಗತದ?"

ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ಆ ಕಣ್ಣಿಗೆ ನಾನು ಕಾಣುತ್ತಿದ್ದೆನೋ ಇಲ್ಲವೋ.

ಮುಂದಿನ ಐತವಾರ ಅತ್ತೆಯೇ ರೊಟ್ಟಿ ಕಟ್ಟಿಕೊಟ್ಟು, ತವರಿಗೆ ಹೋಗಿ ಬಾ ಎಂದಳು. ನಾನು ಬಸ್ಸು ಹತ್ತುವಾಗ ನಾಲ್ಕಾರು ಜನ ಇಳಿದರು, ಕೈಯಲ್ಲಿ ತಮ್ಮ ತಮ್ಮ ಮಜ್ಜಿಗೆಯ ಚರಿಗೆ. ಗಿಡ ಗೊತ್ತಾದರೂ ಸೋನುಬಾಯಿಯ ಕೈಯಿಂದಲೇ ಬೇಕಂತೆ. ನಗು ಬಂತು.

ನಾರಾಯಣಪುರದಲ್ಲಿ ಅಣ್ಣನ ಹೆಂಡತಿ ಕಮಳಾಬಾಯಿ ಬಾಗಿಲಲ್ಲೇ ಬೆರಗಾಗಿ, ಐತವಾರ ಹೇಗೆ ಬಂದೆ ಎಂದು ಕೇಳಿದಳು. ಅತ್ತೆಯೇ ಕಳಿಸಿದಳು ಎಂದೆ. ಅವ್ವ ಮಲಗುತ್ತಿದ್ದ ಮೂಲೆಯಲ್ಲಿ ಈಗ ಜೋಳದ ಚೀಲಗಳಿದ್ದವು. ಅವುಗಳಿಗೆ ಆತು ಕೂತೆ.

"ಅವ್ವಾ, ಐತವಾರ ಬಂದೀನಿ ನೋಡ," ಎಂದು ಬಾಯಿಬಿಟ್ಟು ಅತ್ತುಬಿಟ್ಟೆ.