ಎಚ್ಚರವಾಗುವಷ್ಟರಲ್ಲಿ

ಬಕೆಟ್ಟಿನಲ್ಲಿ ನೊರೆ ಚಿಟಿಚಿಟಿ ಒಡೆಯುತ್ತಿದೆ, ಒಳಗೆ ಅಮ್ಮನ ಹಾಸಿಗೆಯ ಬಟ್ಟೆ, ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ ಉಮಾಶಂಕರನ ಕೈ ನೀರಿಗಿಳಿಯದೆ ಅಂಚಿನಲ್ಲೇ ನಿಂತಿದೆ — ಬಟ್ಟೆ ಒಗೆಯಲು ನಾಚಿಕೆಯಿಲ್ಲ, ಅವಳು ಅವನದ್ದನ್ನು ಎಷ್ಟು ಒಗೆದಿಲ್ಲ, ನಾಚಿಕೆ ಬೆಳಿಗ್ಗೆ ಆಡಿದ ಮಾತಿನದು, ಬೆಲ್ ಒತ್ತು ಅಂತ ಎಷ್ಟು ಸಲ ಹೇಳ್ಲಮ್ಮ, ಮುಟ್ಟಿ ಬಿಟ್ರೆ ಆಗಲ್ಲ, ಒತ್ತಿ ಹಿಡೀಬೇಕು, ಚಿಕ್ಕ ಮಗೂನಾ ನೀನು, ಸೊಪ್ಪು ಕೊಡಲು ಬಂದ ಪಕ್ಕದ ಮನೆ ರುಕ್ಮಿಣಮ್ಮ ಬಾಗಿಲಲ್ಲೇ ನಿಂತಿದ್ದಳು, ಅವಳೆದುರಿಗೇ ಅಂದುಬಿಟ್ಟನಲ್ಲ, ಅಮ್ಮ ಒದ್ದೆಯ ಮೇಲೆ ಸೆರಗು ಎಳೆದುಕೊಳ್ಳುತ್ತ, ಒತ್ದೆ ಕಣಪ್ಪ, ಅದು ಕೂಗ್ಲಿಲ್ಲ, ನನ್ ಕೈಯಾಗೇ ಸತ್ವ ಇಲ್ಲ ಅಂತ ಕಾಣ್ತದೆ ಅಂದು ಗೋಡೆಯ ಕಡೆ ತಿರುಗಿದಳು, ಸೊಂಟ ಮುರಿದವಳು ತಿರುಗಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತೂ ಅವನು ನೋಡುತ್ತಲೇ ನಿಂತಿದ್ದ. ರುಕ್ಮಿಣಮ್ಮ ಹೋದ ಮೇಲೆ ತಾನೇ ಒತ್ತಿ ನೋಡಿದ, ಅಮ್ಮನ ಹಾಗೇ, ಬೆರಳ ತುದಿಯಿಂದ, ಮೆತ್ತಗೆ — ಸದ್ದಿಲ್ಲ, ತಕ್ಷಣ ಮತ್ತೊಮ್ಮೆ, ಆಗ ಕೂಗಿತು, ಸ್ವಲ್ಪ ಹೊತ್ತು ಬಿಟ್ಟು ಒತ್ತಿದ, ಮತ್ತೆ ಮೂಕ. ಹಾಸಿಗೆ ಹಿಡಿದವರು ಮನೆಯವರನ್ನು ಕರೆಯಲೆಂದು ಮಾಡಿದ ಆ ಬೆಲ್ ಅವನ ಕಂಪನಿಯದೇ, ಗುಂಡಿಗೂ ಒಳಗಿನ ಚಿಪ್‌ಗೂ ನಡುವಿನ ಡ್ರೈವರ್ ಪ್ರೋಗ್ರಾಮ್ ಅವನೇ ಬರೆದದ್ದು, ಕೆಲಸವಿಲ್ಲದಾಗ ಚಿಪ್ ಗಾಢ ನಿದ್ದೆಗೆ ಹೋಗಲಿ, ಬ್ಯಾಟರಿ ವರ್ಷ ಬರಲಿ ಅಂತ, ಆದರೆ ಅಷ್ಟು ಆಳದಿಂದ ಎದ್ದು ಬರಲು ಅದಕ್ಕೆ ಅರೆ ಕ್ಷಣ ಬೇಕು, ಎದ್ದು ಗುಂಡಿ ನೋಡುವಷ್ಟರಲ್ಲಿ ಅಮ್ಮನ ಬೆರಳು ಹೋಗಿರುತ್ತದೆ, ಯಾರೂ ಒತ್ತಿಲ್ಲವೆಂದು ತುಸು ಕಾದು ಮತ್ತೆ ಮಲಗುತ್ತದೆ. ಆಫೀಸಿನ ಮೇಜಿನ ಮೇಲೆ ಹೀಗಾಗಲೇ ಇಲ್ಲ, ಅಲ್ಲಿ ಕಂಪ್ಯೂಟರಿನ ಕೇಬಲ್ ಚುಚ್ಚಿರುತ್ತಿತ್ತು, ಆ ಕೇಬಲ್ಲೇ ಅದನ್ನು ಮಲಗಲು ಬಿಡುತ್ತಿರಲಿಲ್ಲ, ಕೇಬಲ್ ಕಿತ್ತು ಒಂದೇ ಒಂದು ದಿನ ನೋಡಿದ್ದರೆ —

ನೋಡಲಿಲ್ಲ. ಬೇರಿಕೆ ಊರಿನಿಂದ ಯಾರೋ ಫೋನ್ ಮಾಡಿದ್ದರಂತೆ, ನಮ್ಮಪ್ಪ ಒತ್ತಿದರೆ ಕೂಗಲ್ಲ ಅಂತ, ಮ್ಯಾನೇಜರ್ ಲಕ್ಷ್ಮೀಪತಿ ಕೇಳಿದಾಗ ಇವನು ತಲೆಯೆತ್ತದೆ, ವಯಸ್ಸಾದೋರು ಸಾರ್, ಒತ್ತಿ ಹಿಡೀಬೇಕು ಅಂತ ಹೇಳ್ಬಿಡಿ ಅಂದಿದ್ದ, ಈಗ ಪ್ರತಿ ಡಬ್ಬದ ಮೇಲೂ ಆ ಮಾತು ಅಂಟಿದೆ, ಬೇರಿಕೆಯ ಆ ಮುದುಕನಿಗೂ ಅವನ ಮಗ ಹೀಗೇ ಗದರಿರಬೇಕು, ಎಷ್ಟು ಮನೆಗಳಲ್ಲಿ ಎಷ್ಟು ಜನ ತಮ್ಮ ಕೈಯನ್ನೇ ಬೈದುಕೊಂಡಿರಬೇಕು. ಬಕೆಟ್ ಬಿಟ್ಟೆದ್ದು ಫೋನ್ ಮಾಡಿದ, ತಪ್ಪು ನಂದು ಸಾರ್, ಎಲ್ಲಾ ವಾಪಸ್ ತರಿಸ್ಬೇಕು, ಅತ್ತ ಲಕ್ಷ್ಮೀಪತಿ, ಏನಪ್ಪ ಶಂಕರ್, ಬ್ಯಾಟರಿ ವರ್ಷ ಬತ್ತದೆ ಅಂತ ಪ್ರಿಂಟ್ ಹಾಕಿಸ್ಬುಟ್ಟಿದೀವಲ್ಲ, ಬರಲ್ಲ ಸಾರ್, ಅಷ್ಟು ಆಳಕ್ಕೆ ಮಲಗೋಕೆ ಬಿಡಂಗಿಲ್ಲ, ನಮ್ಮಮ್ಮ ಹಾಸಿಗೇಲಿ — ಅಂದವನನ್ನು ಲಕ್ಷ್ಮೀಪತಿ ಮುಗಿಸಲು ಬಿಡಲಿಲ್ಲ, ನಾಳೆ ಬಾ, ಎಲ್ಲಾ ಮನೆಗೂ ಫೋನ್ ಮಾಡಾವ.

ಬಟ್ಟೆ ಒಗೆದು ಹರವಿ, ಲ್ಯಾಪ್‌ಟಾಪ್ ತೆಗೆದು, ಬೆರಳು ಮುಟ್ಟಿ ಬಿಡುವುದಕ್ಕಿಂತ ತಡವಾಗಿ ಏಳುವ ನಿದ್ದೆ ಬೇಡ ಎಂಬ ಮಿತಿಯನ್ನು ಡ್ರೈವರಿಗೆ ಬರೆದು ಬೆಲ್ಲಿಗೆ ತುಂಬಿದ, ಒಂದೇ ಸಾಲು, ಇಷ್ಟೇ ಇತ್ತು ಮಾಡಬೇಕಾದದ್ದು. ಕೇಬಲ್ ಕಿತ್ತು ಬೆಲ್ಲನ್ನು ಅಮ್ಮನ ಕೈಗಿಟ್ಟ, ಅಮ್ಮ, ನಿನ್ ಕೈ ಸರಿಯಾಗೇ ಐತೆ, ಇದೇ ಕೆಟ್ಟಿತ್ತು, ನಾನೇ ಕೆಡಿಸಿದ್ದೆ, ಈಗ ಮೆತ್ತಗೆ ಮುಟ್ಟಿದ್ರೂ ಕೂಗ್ತದೆ. ಬಿಡಪ್ಪ, ಇನ್ಮೇಲೆ ಗಟ್ಟಿಯಾಗೇ ಒತ್ತೀನಿ ಅಂದಳು, ಅವನನ್ನು ಸಮಾಧಾನ ಮಾಡುವವಳ ಹಾಗೆ, ಮುಟ್ಟು ಸಾಕಮ್ಮ, ಮುಟ್ಟು ಸಾಕು, ಅವಳು ಕೇಳುವುದಿಲ್ಲ, ಒಂದು ಹೆಬ್ಬೆರಳ ಮೇಲೆ ಇನ್ನೊಂದು ಹೆಬ್ಬೆರಳಿಟ್ಟು, ತುಟಿ ಕಚ್ಚಿ ಒತ್ತುತ್ತಾಳೆ, ಬೆಲ್ ಕೂಗಿತು, ಕೂಗುತ್ತಲೇ ಇದೆ, ಬಿಡಮ್ಮ ಅಂದರೂ, ಸರೀನಾ ಶಂಕ್ರಾ, ಹಿಂಗೇನಾ ಎಂದು ಅವನ ಮುಖವನ್ನೇ ನೋಡುತ್ತಾಳೆ, ಬಿಡುವುದಿಲ್ಲ, ರಕ್ತವೆಲ್ಲ ಹಿಂದೆ ಸರಿದು ಬಿಳುಚಿದ ಉಗುರು, ಬಿಳುಚಿದ ಆ ಉಗುರು —