ಕದ್ದು ಕೇಳುವುದಕ್ಕೆ ದರ

ಏಳು ಮೈಲಿ ಉದ್ದಕ್ಕೂ ಕಂಬ ಎಣಿಸುತ್ತ ಬಂದ ಟೆಲಿಫೋನ್ ಇನ್‌ಸ್ಪೆಕ್ಟರು ತಂತಿಯ ಕೊನೆಯಲ್ಲಿದ್ದ ಸೂಲಗಿತ್ತಿಯ ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬೂಟಿಗೆ ಕೆಸರು, ಮುಖಕ್ಕೆ ಗಂಟು. ಒಂದು ಕಂಬವೂ ಓರೆಯಿರಲಿಲ್ಲ, ತಂತಿಗೆಂದು ಒಂದು ಮರಕ್ಕೂ ಮೊಳೆ ಹೊಡೆದಿರಲಿಲ್ಲ. ತಪ್ಪು ಸಿಗದ ಸಿಟ್ಟು ಅವರಿಗೆ.

ಹತ್ತು ಮನೆಯವರು ಸೇರಿ ಸ್ವಂತ ಖರ್ಚಿನಲ್ಲಿ ಎಳೆದ ತಂತಿ ಅದು. ಎರಡು ತಿಂಗಳಿಂದ ಅವರವರಲ್ಲೇ ಮಾತು ನಡೆದಿತ್ತು. ಪಟ್ಟಣದ ಎಕ್ಸ್‌ಚೇಂಜಿಗೆ ಜೋಡಿಸಬೇಕಾದರೆ ಮಾತ್ರ ಇಲಾಖೆಯ ಒಪ್ಪಿಗೆ ಬೇಕು. ನಿಯಮಗಳು ಸೂಲಗಿತ್ತಿಗೆ ಬಾಯಿಪಾಠ. ಒಂದು ತಂತಿಗೆ ಹತ್ತೇ ಫೋನು. ಹನ್ನೊಂದನೆಯದು ಬಂದರೆ ಎರಡನೇ ತಂತಿ, ಹೊಸ ಅರ್ಜಿ, ಮೊದಲಿನಿಂದ ಶುಲ್ಕ. ಕೊನೆಯ ಮನೆಯಲ್ಲಿ ಆಡಿದ ಮಾತು ಎಕ್ಸ್‌ಚೇಂಜಿನಲ್ಲಿ ಸ್ಪಷ್ಟವಾಗಿ ಕೇಳಬೇಕು. ಕೇಳದಿದ್ದರೆ ಮರುಪರೀಕ್ಷೆ ಮುಂದಿನ ವರ್ಷ.

ಮುಂದಿನ ವರ್ಷದ ತನಕ ಕಾಯುವುದು ಅವಳಿಗೆ ಬೇಕಿರಲಿಲ್ಲ. ಕಳೆದ ಸಲ ಹೆರಿಗೆಯೊಂದು ಕಷ್ಟಕ್ಕಿಟ್ಟುಕೊಂಡಾಗ ಪಟ್ಟಣದ ಡಾಕ್ಟರಿಗೆ ಸುದ್ದಿ ಮುಟ್ಟಲು ಮೂರು ಗಂಟೆ ಹಿಡಿದಿತ್ತು. ತಾಯಿ, ಮಗು ಉಳಿದದ್ದು ಅದೃಷ್ಟ. ಅದೃಷ್ಟವನ್ನು ಎರಡನೇ ಸಲ ನಂಬುವ ಹೆಂಗಸಲ್ಲ ಅವಳು.

ಪರೀಕ್ಷೆಗೆಂದು ಆ ದಿನ ಪಟ್ಟಣದಂಚಿನಲ್ಲಿ ತಂತಿಯನ್ನು ತಾತ್ಕಾಲಿಕವಾಗಿ ಎಕ್ಸ್‌ಚೇಂಜಿಗೆ ಜೋಡಿಸಿದ್ದರು. ಇನ್‌ಸ್ಪೆಕ್ಟರು ಗೋಡೆಯ ಫೋನ್ ಪೆಟ್ಟಿಗೆಯ ಹಿಡಿ ತಿರುಗಿಸಿ, ಕೇಳುವ ಕೊಳವೆಯನ್ನು ಕಿವಿಗಿಟ್ಟರು.

"ಹಲೋ, ಎಕ್ಸ್‌ಚೇಂಜ್? ಹಲೋ! ಏನಮ್ಮಾ ಇದು, ಆ ಹುಡುಗಿ ಬಾವಿಯೊಳಗೆ ಕೂತು ಮಾತಾಡ್ತಿದ್ದಾಳೇನು?"

ಅವಳು ಕೊಳವೆ ಇಸಿದುಕೊಂಡು ಒಂದು ಕ್ಷಣ ಕೇಳಿದಳು. ಗಿರಣಿಯ ಕಲ್ಲು ತಿರುಗುವ ಸದ್ದು. ಮೇಷ್ಟರ ಕೆಮ್ಮು. ದರ್ಜಿ ಮನೆಯ ಗೋಡೆ ಗಡಿಯಾರ. ಯಾರ ಮನೆಗೆ ಗಂಟೆ ಬಾರಿಸಿದರೂ ಎಲ್ಲರೂ ಕೊಳವೆ ಎತ್ತಿ ಉಸಿರು ಬಿಗಿಹಿಡಿದು ಕೇಳುವುದು ಈ ತಂತಿಯ ಪದ್ಧತಿ. ಎತ್ತಿದವರು ಹೆಚ್ಚಿದಷ್ಟೂ ದನಿ ಸೊರಗುತ್ತದೆ. ಗೊತ್ತಿದ್ದೂ ಇವತ್ತು ಒಬ್ಬರೂ ತಡೆದುಕೊಂಡಿರಲಿಲ್ಲ. 'ಇಡಿ' ಎಂದು ಗದರಿದರೆ ಯಾರೂ ಇಡುವುದಿಲ್ಲ. ಬೇರೆಯವರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಸೂಲಗಿತ್ತಿ ಕೊಳವೆಯನ್ನು ಅವರ ಕಿವಿಗೇ ಒತ್ತಿ ಹಿಡಿದು, ಗೋಡೆಯ ಪೆಟ್ಟಿಗೆಗೆ ಬಾಯಿ ತಂದು ಜೋರಾಗಿ ಹೇಳಿದಳು: "ಸಾಹೇಬ್ರೇ, ನಿಮ್ಮ ಪುಸ್ತಕದಲ್ಲಿ ಆ ಇಪ್ಪತ್ಮೂರನೇ ನಿಯಮ ಇದೆಯಲ್ಲ, ಬೇರೆಯವರ ಮಾತು ಕದ್ದು ಕೇಳಿದ್ರೆ ನಿಮಿಷಕ್ಕಿಷ್ಟು ಅಂತ ದರ, ಅದು ಮನೆಗೊಂದಾ, ಕಿವಿಗೊಂದಾ?"

ಟಕ್. ಟಕ್ ಟಕ್. ಟಕ್ ಟಕ್ ಟಕ್. ಟಕ್ ಟಕ್. ಟಕ್.

"ಯಾವತ್ತಿಂದ ಅಕ್ಕಾ?" ಎಂದಿತು ಗಿರಣಿಯವನ ದನಿ, ಕೊಳವೆಯಿಂದ ಅವಳಿಗೂ ಕೇಳುವಷ್ಟು ಜೋರಾಗಿ.

"ಇವತ್ತಿಂದ!"

ಟಕ್.

"ಅಂಥ ನಿಯಮ ಎಲ್ಲಿದೆ?" ಪೆಟ್ಟಿಗೆಗೆ ಅಂಗೈ ಅಡ್ಡ ಹಿಡಿದು ಇನ್‌ಸ್ಪೆಕ್ಟರು ಪಿಸುಗುಟ್ಟಿದರು.

"ಇಲ್ದಿದ್ರೆ ಬರ್ಕೊಳ್ಳಿ ಸಾಹೇಬ್ರೇ. ಇಲಾಖೆಗೇ ಲಾಭ."

ಅವರು ನಗಲಿಲ್ಲ. ಬೆರಳು ಮಡಚುತ್ತಿದ್ದರು. "ಹತ್ತು ಟಕ್ ಕೇಳಿದೆ. ನಿಮ್ಮದು ಸೇರಿ ಹನ್ನೊಂದು. ಅರ್ಜೀಲಿ ಹತ್ತು ಅಂತಿದೆ."

ಸೂಲಗಿತ್ತಿ ಅವರ ಅಂಗೈಯನ್ನು ಪೆಟ್ಟಿಗೆಯಿಂದ ಸರಿಸಿದಳು. ಎಲ್ಲರಿಂದಲೂ ಒಂದೇ ಬಾರಿಗೆ ಇಡಿಸಿ ಅವರಿಗೆ ಲೆಕ್ಕ ಕೊಟ್ಟವಳು ತಾನೇ. ಮತ್ತೆ ಪೆಟ್ಟಿಗೆಗೆ ಬಾಯಿ ಹಚ್ಚಿದಳು. "ಯಾರ ಮನೇಲಿ ಎರಡಿದೆ? ಕದ್ದು ಕೇಳೋ ದರ ಮನ್ನಾ ಮಾಡಿದ್ದಾರೆ, ಮಾತಾಡಿ. ಇಲ್ದಿದ್ರೆ ಎಲ್ಲರ ಫೋನೂ ಹೋಯ್ತು ಅಂತಲೇ ತಿಳ್ಕೊಳ್ಳಿ."

ತಾನೂ ಕೇಳಲೆಂದು ಕೊಳವೆಗೆ ಕಿವಿ ತಾಗಿಸಿದಳು. ಅವರೆಲ್ಲ ಇಟ್ಟದ್ದು ಅರೆಗಳಿಗೆಗೆ ಮಾತ್ರ, ಆಗಲೇ ಮತ್ತೆ ಎತ್ತಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ದರ್ಜಿಯ ತಾಯಿ ಮೊದಲು ಬಾಯಿಬಿಟ್ಟಳು. "ಅಡುಗೆಮನೇದು ನನ್ನ ಸೊಸೇದು. ಕಿತ್ಕೊಂಡು ಹೋಗಿ."

"ನಡುಮನೇದು ಅತ್ತೇದು," ಎಂದಳು ಸೊಸೆ. "ಒಂದೇ ಇದ್ದಾಗ ನನಗೆ ಮುಟ್ಟೋಕೆ ಬಿಟ್ಟಿದ್ರೆ ಎರಡನೇದು ಯಾಕೆ ಬರ್ತಿತ್ತು?"

"ನನ್ನ ಕಿವಿಗೆ ಕೇಳೋ ಹಾಗೆ, ಈಗಲೇ ಒಂದು ತೆಗೀಬೇಕು," ಎಂದರು ಇನ್‌ಸ್ಪೆಕ್ಟರು. "ಇಲ್ಲಾಂದ್ರೆ ಎರಡನೇ ತಂತಿ."

"ಹಿರಿಯಮ್ಮಾ," ಎಂದಳು ಸೂಲಗಿತ್ತಿ, "ನಿಮ್ಮ ಸೊಸೆಗೆ ಈಗ ಏಳು ತಿಂಗಳು. ಹೊಟ್ಟೆ ನೋವು ಬಂದಾಗ ನಡುಮನೆವರೆಗೆ ನಡೆದು ಬಂದು, ನಿಮ್ಮ ಮಾತು ಮುಗಿಯೋವರೆಗೆ ಕಾಯ್ಬೇಕಾ?"

ಗಡಿಯಾರ ಬಡಿಯುತ್ತಲೇ ಇತ್ತು. ಗಿರಣಿಯವನು ಕಲ್ಲು ನಿಲ್ಲಿಸಿ ಕೇಳುತ್ತಿದ್ದ.

"ನನ್ನದೇ ಕೊಡ್ತೀನಿ," ಎಂದಳು ಮುದುಕಿ ಕೊನೆಗೆ. "ಆದ್ರೆ ಅವಳು ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ನನಗೆ ಹೇಳ್ಬೇಕು. ನೀನೇ ಸಾಕ್ಷಿ."

"ಒಪ್ಪಿದೆ ಅತ್ತೆ."

ದರ್ಜಿ ಗೋಡೆಯಿಂದ ಪೆಟ್ಟಿಗೆ ಕಿತ್ತ ಸದ್ದು, ಮುದುಕಿಯ ನಿಟ್ಟುಸಿರು ಎರಡೂ ಸೂಲಗಿತ್ತಿಗೆ ಕೇಳಿಸಿದವು. ಮಿಕ್ಕವರಿಗೆ ಅಲ್ಲಿಗೆ ಕಥೆ ಮುಗಿಯಿತು, ಒಬ್ಬೊಬ್ಬರಾಗಿ ಇಟ್ಟರು. ಇನ್‌ಸ್ಪೆಕ್ಟರು ಮತ್ತೊಮ್ಮೆ ಬೆರಳು ಮಡಚಿ, ಸೂಲಗಿತ್ತಿಯದೂ ಸೇರಿ ಹತ್ತೇ ಎಂದು ಎಣಿಸಿ, ಪೆಟ್ಟಿಗೆಯತ್ತ ಬಾಗಿದರು.

"ಹಲೋ, ಎಕ್ಸ್‌ಚೇಂಜ್? ನಾನು ಹೇಳೋದು ಸ್ಪಷ್ಟವಾಗಿ ಕೇಳ್ತಿದೆಯಾ?"

"ಎಲ್ಲಾ ಕೇಳಿಸ್ತು ಸರ್," ಎಂದಿತು ಏಳು ಮೈಲಿ ಆಚೆಯ ಹುಡುಗಿಯ ದನಿ, ಪಕ್ಕದಲ್ಲೇ ನಿಂತಂತೆ. "ಪಾಪ, ಆ ಅತ್ತೆ ಇಷ್ಟು ಬೇಗ ಒಪ್ಪಿಬಿಟ್ರಲ್ಲ!"

ಇನ್‌ಸ್ಪೆಕ್ಟರು ಸೂಲಗಿತ್ತಿಯ ಮುಖ ನೋಡಿದರು. ಆಮೇಲೆ ವರದಿಯಲ್ಲಿ 'ಧ್ವನಿ: ಸ್ಪಷ್ಟ' ಎಂದು ಬರೆದು ಸಹಿ ಹಾಕಿದರು.