ತಗ್ಗು ನೋಡಿ ಕೂಡಿಸುವುದು

“ಇನ್ನೊಮ್ಮಿ ಹಿಡೀರಿ,” ಎಂದು ಬೀನಾ ಟೇಪಿನ ತುದಿಯನ್ನು ಯಮನಪ್ಪನ ಕೈಗೆ ಕೊಟ್ಟಳು. ಗೋರಿ ತೋಡುವವನಿಗೆ ಆ ಹೆಸರಿಟ್ಟ ಪುಣ್ಯಾತ್ಮರಾರೋ, ಮನುಷ್ಯ ಮಾತ್ರ ಬಲು ಸಮಾಧಾನಿ.

“ಎಷ್ಟ ಸಲ ಅಳದ್ರೂ ಅಷ್ಟ ಐತ್ರಿ ಅಕ್ಕಾರ. ಕಾಲಕಡೆ ಜಾಗಾ ಐತಿ, ತಲಿಕಡೆ ಇಲ್ಲ. ಪೆಟಗಿ ಇಳ್ಯಂಗಿಲ್ಲ.”

ಹುಬ್ಬಳ್ಳಿಯ ಆ ಹಳೆಯ ಕ್ರೈಸ್ತ ಸ್ಮಶಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಗೋರಿಗಳು. ಎಲ್ಲವೂ ಶವಪೆಟ್ಟಿಗೆಯಂತೆ ಭುಜದ ಕಡೆ ಅಗಲ, ಕಾಲ ಕಡೆ ಕಿರಿದು. ತಾಯಿ ಲಿಡಿಯಾಳ ಗೋರಿಗೂ ಪಕ್ಕದ್ದಕ್ಕೂ ನಡುವೆ ಉಳಿದ ಪಟ್ಟಿಯೇ ತಮಗಿರಲಿ ಎಂದು ತಂದೆ ಜಯಪ್ಪನವರು ಹೇಳಿಟ್ಟಿದ್ದರು. ಈಗ ಅವರ ಪೆಟ್ಟಿಗೆ ಮನೆಯಿಂದ ಹೊರಟಿತೆಂದು ಫೋನು ಬಂದಿತ್ತು. ಬೀನಾ ನಿಂತಲ್ಲಿ ನಿಲ್ಲಲಾರದೆ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದಳು.

“ಊರ ಹೊರಗ ಹೊಸಾ ಜಾಗಾ ಕೊಡ್ತಾರಲ್ಲಕ್ಕಾ,” ಎಂದ ತಮ್ಮ ಜಾಯ್.

“ಅವ್ವನ ಮಗ್ಗಲಕ ಅಂತ ಪಪ್ಪಾಗ ಮಾತ ಕೊಟ್ಟೇನಿ.”

*

ಜಯಪ್ಪನವರು ಪಾಲಿಟೆಕ್ನಿಕ್ಕಿನಲ್ಲಿ ಲೋಹಶಾಸ್ತ್ರ ಕಲಿಸುತ್ತಿದ್ದರು. ಒಂದು ಕ್ರಿಸ್ಮಸ್ಸಿಗೆ ಲಿಡಿಯಾ ರವೆ ಉಂಡಿಯನ್ನು ಒಂದರ ನೆತ್ತಿಯ ಮೇಲೊಂದು ಇಟ್ಟು ಡಬ್ಬಿ ತುಂಬುತ್ತಿದ್ದುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

“ಹಂಗಲ್ಲ. ಮ್ಯಾಲಿನ ಸಾಲು ಕೆಳಗಿನ ಸಾಲಿನ ತಗ್ಗಿನ್ಯಾಗ ಕುಂದರಬೇಕು. ತಾಮ್ರದಾಗ ಪರಮಾಣು ಹಿಂಗ ಒತ್ತಿ ಕುಂತಿರತಾವ. ಕಬ್ಬಿಣಕ್ಕ ಬಿಗುಮಾನ, ಚೂರು ಹೆಚ್ಚಿಗಿ ಜಾಗಾ ಬಿಟ್ಟ ಕೂಡತೈತಿ.”

“ಹಂಗಾರ ನೀವು ಕಬ್ಬಿಣಾನ. ದುರ್ಗದಬೈಲ ಪ್ಯಾಟಿಗೆ ಹೋದ್ರ ನನ್ನ ಬಿಟ್ಟ ಮುಂದ ಮುಂದ ನಡೀತೀರಿ. ನಿಮ್ಮ ಬೆನ್ನ ನೋಡೇ ನನ್ನ ಜಲ್ಮ ಹೋತು.”

ಡಬ್ಬಿಯಲ್ಲಿ ಜಾಗವೇನೋ ಉಳಿಯಿತು. ಆದರೆ ಹಬ್ಬದ ದಿನ ತೆಗೆದರೆ ತಳದ ಉಂಡಿಯೆಲ್ಲ ಪುಡಿ. ಲಿಡಿಯಾ ಬಂದವರಿಗೆಲ್ಲ ಚಮಚ ಕೊಟ್ಟು, “ನಮ್ಮನಿಯವರ ತಾಮ್ರ, ತಿನ್ರಿ,” ಎಂದಳು.

*

ಬೀನಾ ತಟ್ಟನೆ ನಿಂತಳು.

“ಯಮನಪ್ಪಾ, ಪೆಟಗಿ ತಿರುವಿ ಇಟ್ರ? ತಲಿ ಈ ಅಗಲಿದ್ದ ಕಡೆ, ಕಾಲು ಆ ಕಡೆ?”

ಯಮನಪ್ಪ ಕಣ್ಣಲ್ಲೇ ಅಳೆದ. “ಇಳೀತೈತ್ರಿ. ಆದ್ರ ಅಯ್ನೋರು ಒಪ್ಪಬೇಕಲ್ಲ.”

ಅಷ್ಟರಲ್ಲಿ ಪೆಟ್ಟಿಗೆ ಬಂತು, ಜನ ಬಂದರು, ಪಾಸ್ಟರೂ ಬಂದರು. ವಿಷಯ ಕೇಳಿ ಅವರ ಹುಬ್ಬು ಮೇಲೇರಿತು.

“ಇಲ್ಲಿ ಎಲ್ಲಾರೂ ಮೂಡಣಕ್ಕ ಕಾಲ ಮಾಡಿ ಮಲಗ್ಯಾರವಾ. ಪುನರುತ್ಥಾನದ ದಿನ ಸೂರ್ಯನ ಕಡೆ ಮುಖ ಮಾಡಿ ಏಳಬೇಕು ಅಂತ. ನಿಮ್ಮ ತಂದೆಯವರು ಒಬ್ಬರ ಪಡುವಣಕ್ಕ ನೋಡಕೋತ ಏಳಬೇಕೇನು?”

ಬೀನಾ ಪಾಸ್ಟರ ಎದುರಿಗೆ ಬಂದು ನಿಂತಳು. ಇವರು ಒಲ್ಲೆನೆಂದರೆ ಮುಗಿಯಿತು, ಅಪ್ಪ ಒಂದು ಕಡೆ, ಅವ್ವ ಒಂದು ಕಡೆ.

“ಜಲ್ಮೆಲ್ಲಾ ನಮ್ಮವ್ವ ಪಪ್ಪಾನ ಬೆನ್ನ ನೋಡ್ಯಾಳ್ರಿ ಅಯ್ನೋರ. ಆ ದಿನ ಎದ್ದ ಕೂಡಲೇ ಅವರ ಮುಖ ಕಾಣ್ಲಿ.”

ಪಾಸ್ಟರು ಲಿಡಿಯಾಳನ್ನೂ ಬಲ್ಲವರು, ಆ ಚಮಚದ ಉಂಡಿ ತಿಂದವರು. ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು, “ಲಗೂ ತೋಡಪಾ ಯಮನಪ್ಪ,” ಎಂದರು.

ತೋಡಿ ಮುಗಿಯುವವರೆಗೂ ಬೀನಾ ಕೂರಲಿಲ್ಲ. ಕಡೆಗೆ ಪೆಟ್ಟಿಗೆ ಎಲ್ಲೂ ತಾಗದೆ ಇಳಿಯಿತು. ಅಪ್ಪನ ಭುಜದ ಅಗಲ ಅವ್ವನ ಕಾಲ ಬಳಿಯ ಬಿಡುವಿನಲ್ಲಿ ಕೂತಿತು.

ಪಾಸ್ಟರು ರೂಢಿಯಂತೆ ಪಡುವಣದ ತುದಿಗೆ ಹೋಗಿ ನಿಂತು ಪುಸ್ತಕ ತೆರೆದರು.

“ಅಯ್ನೋರ, ತಲಿ ಈ ಕಡೆ ಐತ್ರಿ,” ಎಂದ ಯಮನಪ್ಪ.

ಅವರು ಪುಸ್ತಕ ಮುಚ್ಚಿಕೊಂಡು ಸುತ್ತುಬಳಸಿ ಈ ತುದಿಗೆ ಬಂದರು. ಹಿಂದೆಯೇ ಜನವೆಲ್ಲ ಬಂತು. ಓದಲು ತಲೆಯೆತ್ತಿದರೆ, ಇಳಿಬಿಸಿಲಿನಲ್ಲಿ ನೇರ ಎದುರಿಗೆ ಗೋರಿಕಲ್ಲಿನ ಮೇಲೆ ಲಿಡಿಯಾಳ ಹೆಸರಿತ್ತು.